ಸಂಬಂಧದ ಕಾಲಂ

ಮೈದಾ ಅಂಟು ಒಲೆಯ ಮೇಲೆ ಕುದಿಯುವಾಗ ಒಂದು ವಾಸನೆ ಬರುತ್ತದೆ. ಗಂಜಿಯದೂ ಅಲ್ಲ, ಒದ್ದೆ ಕಾಗದದ್ದೂ ಅಲ್ಲ. ಎರಡರ ನಡುವಿನ, ಸ್ವಲ್ಪ ಹುಳಿಯಾದ, ಬೆಚ್ಚಗಿನ ವಾಸನೆ. ನನ್ನ ಅಪ್ಪ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಸೇರಿಸಿ, ಮರದ ಸೌಟಿನಿಂದ ತಿರುವುತ್ತಾ, "ಗಂಟು ಕಟ್ಟಬಾರದು ಮಗಳೇ. ಗಂಟು ಕಟ್ಟಿದ್ರೆ ಹಾಳೆ ಕ್ಷಮಿಸಲ್ಲ" ಎನ್ನುತ್ತಿದ್ದರು. ಇವತ್ತಿಗೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಏಳು ವರ್ಷ.

ಲಿಫ್ಟಿನವರನ್ನು ನನ್ನ ಕೋಣೆಗೆ ಕರೆತಂದದ್ದೂ ಅದೇ ವಾಸನೆ.

ಆಗ ನನಗೆ ಐವತ್ತೆಂಟು. ವಿಶ್ವವಿದ್ಯಾಲಯದ ಗ್ರಂಥಾಲಯದ ತಳಮಹಡಿಯಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಕೆಲಸ. ಮದುವೆಯಾಗಿರಲಿಲ್ಲ, ಆಗಬೇಕಾದ ವಯಸ್ಸಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು, ಆಮೇಲೆ ಯಾರೂ ಕೇಳಲಿಲ್ಲ, ನಾನೂ ಕಾಯಲಿಲ್ಲ. ಎರಡು ವರ್ಷದ ಹಿಂದೆ ಬಿದ್ದು ಬಲ ಸೊಂಟದ ಮೂಳೆ ಮುರಿದಿತ್ತು. ಅಂದಿನಿಂದ ಕೈಯಲ್ಲಿ ಕೋಲು. ಎಲ್ಲರೂ ನನ್ನನ್ನು ಅಂಟಮ್ಮ ಎನ್ನುತ್ತಿದ್ದರು. ಜೊತೆಯಲ್ಲಿ ಹಾಳೆ ಹೊಲಿಯುವ ಹುಡುಗಿಗೆ ಸೂಜಿ ಎಂದು ಹೆಸರು. ಕೈಯಲ್ಲಿದ್ದ ಸೂಜಿಗಿಂತ ಅವಳ ನಾಲಿಗೆಯೇ ಚೂಪು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ಟೂಲ್ ಬ್ಯಾಗ್ ಹಿಡಿದು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗೆ, ಹುಬ್ಬು ಮಾತ್ರ ಇನ್ನೂ ಕಪ್ಪು.

"ಲಿಫ್ಟ್ ರಿಪೇರಿಗೆ ಬಂದೆ. ಇಲ್ಲಿ ಯಾರೋ ಅಡುಗೆ ಮಾಡ್ತಿದ್ದಾರೆ ಅನ್ನಿಸ್ತು."

"ಹೌದು, ಬಡಿಸ್ಲಾ?" ಎಂದೆ.

ಅವರು ನಿಜವಾಗಿಯೂ ಒಳಗೆ ಬಂದು ಪಾತ್ರೆಯೊಳಗೆ ಇಣುಕಿದರು. "ತಿನ್ನಬಹುದಾ?"

"ಜಿರಳೆ ಕೂಡ ಮುಟ್ಟಲ್ಲ. ಮೈಲುತುತ್ತ ಹಾಕಿದೀನಿ."

"ಹಾಗಾದ್ರೆ ಊಟಕ್ಕೆ ಇನ್ನೊಂದು ದಿನ ಬರ್ತೀನಿ ಮೇಡಂ," ಎಂದು ಗಂಭೀರವಾಗಿ ತಲೆಬಾಗಿ ಹೊರಟರು. ಸೂಜಿಯ ದಾರ ಅರ್ಧಕ್ಕೇ ನಿಂತಿತ್ತು.

ಆ ಲಿಫ್ಟ್ ತಳಮಹಡಿಯಲ್ಲಿ ನೆಲಕ್ಕಿಂತ ಅರ್ಧ ಬೆರಳು ಮೇಲೆ ನಿಲ್ಲುತ್ತಿತ್ತು. ದಿನವೂ ನನ್ನ ಕೋಲು ಆ ಅಂಚಿಗೆ ತಗಲುತ್ತಿತ್ತು. ಅವರು ಅದನ್ನು ಒಂದೇ ಒಂದು ಸಲ ನೋಡಿರಬೇಕು. ಮರುದಿನ ಲಿಫ್ಟ್ ನೆಲಕ್ಕೆ ಸಮನಾಗಿ, ಹಾಳೆಗೆ ಹಾಳೆ ಕೂಡಿದ ಹಾಗೆ ನಿಂತಿತು. ಯಾರೂ ಅದನ್ನು ಸರಿಮಾಡಿ ಎಂದು ಕೇಳಿರಲಿಲ್ಲ. ಅವರೂ ಮಾಡಿದೆ ಎಂದು ಹೇಳಲಿಲ್ಲ.

ತಿಂಗಳಿಗೊಮ್ಮೆ ಬರಬೇಕಾದವರು ವಾರಕ್ಕೊಮ್ಮೆ ಬರತೊಡಗಿದರು.

"ನಮ್ಮ ಲಿಫ್ಟಿಗೆ ಅದೇನು ರೋಗ ಬಂದಿದೆಯೋ," ಎಂದಳು ಸೂಜಿ, "ಡಾಕ್ಟ್ರು ಕಾಲು ಕೀಳೋದೇ ಇಲ್ಲ."

"ಹಳೇ ರೋಗಿ ತಾಯಿ," ಎಂದರು ಅವರು. "ನಾಡಿ ನೋಡ್ತಾ ಇರಬೇಕು." ನೋಡಿದ್ದು ಮಾತ್ರ ನನ್ನ ಕಡೆ. ಕಪ್ಪು ಹುಬ್ಬು ಒಂದು ಕ್ಷಣ ಮೇಲೇರಿ ಇಳಿಯಿತು, ಲಿಫ್ಟಿನ ಹಾಗೇ.

ಮೂವತ್ತು ವರ್ಷ ದೂರದೂರದ ದೇಶಗಳಿಗೆ ವಿಮಾನದಲ್ಲಿ ಹೋಗಿ ಎತ್ತರದ ಕಟ್ಟಡಗಳಿಗೆ ಲಿಫ್ಟ್ ಕೂರಿಸಿದವರು ಅವರು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಮಗಳು ಹಲ್ಲಿನ ಡಾಕ್ಟರ್. ಕೆಲಸ ಬಿಟ್ಟ ಮೇಲೆ ಊರಿನ ಹಳೆಯ ಲಿಫ್ಟುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಿದ್ದರು. "ನಾನು ಸಹಿ ಹಾಕಿದ ಕಾಗದದಲ್ಲಿ ಒಂದು ಸುಳ್ಳಿದ್ರೂ ಯಾರೋ ಬೀಳ್ತಾರೆ," ಎನ್ನುವುದು ಅವರ ಮಾತು.

ಆ ಹೊತ್ತಿನಲ್ಲೇ ಪತ್ರ ಬಂತು. ಸಮುದ್ರದಾಚೆಯ ಒಂದು ದೊಡ್ಡ ಗ್ರಂಥಾಲಯದಲ್ಲಿ ಪೈಪು ಒಡೆದು ನೂರಾರು ಹಳೆಯ ಪುಸ್ತಕಗಳು ನೆನೆದುಹೋಗಿದ್ದವು. ನಾನು ಬರೆದ ಒಂದು ಲೇಖನವನ್ನು ಅಲ್ಲಿಯವರು ಓದಿದ್ದರು. ಮೂರು ತಿಂಗಳು ಬಂದು, ನಮ್ಮ ಅಪ್ಪನ ಅಂಟಿನ ವಿಧಾನವನ್ನು ಅಲ್ಲಿಯ ಹುಡುಗರಿಗೆ ಕಲಿಸಿಕೊಡಿ ಎಂದು ಕರೆದಿದ್ದರು.

ಇಂಥ ಕರೆ ಹಿಂದೆ ಎರಡು ಸಲ ಬಂದಿತ್ತು. ಒಮ್ಮೆ ಅಮ್ಮನಿಗಾಗಿ ಬಿಟ್ಟೆ, ಒಮ್ಮೆ ಸೊಂಟಕ್ಕಾಗಿ ಬಿಟ್ಟೆ. ನಾಲ್ಕನೆಯದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪತ್ರವನ್ನು ಲಿಫ್ಟಿನವರೇ ನೋಡಿದರು, ರಟ್ಟುಗಳ ಮೇಲೆ ಬಿದ್ದಿತ್ತು.

"ಹೋಗ್ತೀರಿ ತಾನೇ?"

"ಹದಿನಾರು ಗಂಟೆ ಕೂತ್ಕೊಂಡು ಹೋಗೋಕೆ ಈ ಸೊಂಟ ಒಪ್ಪಲ್ಲ. ನಾಲ್ಕು ಗಂಟೆಗಿಂತ ಜಾಸ್ತಿ ಕೂರಬೇಡಿ ಅಂದಿದ್ದಾರೆ ಡಾಕ್ಟ್ರು."

"ಮಲಕ್ಕೊಂಡು ಹೋಗಿ."

"ಅದೇನು ಆಂಬುಲೆನ್ಸಾ?"

"ವಿಮಾನದ ಮುಂದುಗಡೆ ಬಿಸಿನೆಸ್ ಕ್ಲಾಸಲ್ಲಿ ಸೀಟೇ ಹಾಸಿಗೆ ಆಗುತ್ತೆ ಮೇಡಂ. ಅವರು ಕೊಡಿಸೋ ಮಾಮೂಲಿ ಟಿಕೆಟ್ ತಗೊಳ್ಳಿ. ಅದನ್ನ ಪಾಯಿಂಟ್ಸ್ ಹಾಕಿ ಮುಂದಕ್ಕೆ ಏರಿಸೋದು ನನ್ನ ಕೆಲಸ. ಏರಿಸೋದು ಬಿಟ್ಟು ನಂಗಿನ್ನೇನು ಬರುತ್ತೆ?"

ಪಾಯಿಂಟ್ಸ್ ಎಂದರೇನು ಎಂದು ಅವತ್ತು ತಿಳಿಯಿತು. ಹಾರಿದ ಪ್ರತಿ ಹಾರಾಟಕ್ಕೂ ಕಂಪನಿಯವರು ಅಷ್ಟಿಷ್ಟು ಪಾಯಿಂಟ್ ಕೊಡುತ್ತಾರೆ. ಖಾತೆ ಸುಮ್ಮನೆ ಬಿದ್ದಿದ್ದರೆ ಒಂದು ದಿನ ಅಳಿಸಿಹಾಕುತ್ತಾರೆ. ಅದಕ್ಕೇ ಅವರು ವರ್ಷಕ್ಕೊಮ್ಮೆ ಒಂದಿಷ್ಟು ಪಾಯಿಂಟ್ ಖರ್ಚುಮಾಡಿ ಒಂದು ಲಗೇಜ್ ಟ್ಯಾಗ್ ತರಿಸುತ್ತಿದ್ದರು.

"ಮನೇಲಿ ಒಂಬತ್ತು ಟ್ಯಾಗ್ ಇವೆ," ಎಂದರು. "ಸೂಟ್‌ಕೇಸ್ ಒಂದೇ."

"ಯಾರಿಗೋಸ್ಕರ ಇಟ್ಟುಕೊಂಡ್ರಿ ಇಷ್ಟು ವರ್ಷ?"

"ಅದೇ ಗೊತ್ತಿರಲಿಲ್ಲ," ಎಂದು ಸ್ಕ್ರೂಡ್ರೈವರನ್ನು ಇಲ್ಲದ ಧೂಳಿಗೆ ಒರೆಸಿದರು.

ಅತಿ ಅಗ್ಗದ ಟಿಕೆಟ್ಟಿಗೆ ಅಪ್‌ಗ್ರೇಡ್ ಸಿಗುವುದಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬೇಕೆಂದು ಆ ಗ್ರಂಥಾಲಯದವರಿಗೆ ಬರೆಯಿರಿ ಎಂದರು. ಸಂಕೋಚದಿಂದ ಬರೆದೆ. "ಆಗಲಿ" ಎಂದು ಒಂದೇ ಸಾಲಿನ ಉತ್ತರ ಬಂತು. ನನಗೆ ರೆಕ್ಕೆ ಮೂಡಿದಂತಾಯಿತು.

ಮರುವಾರ ಅವರು ಒಂದು ಫಾರಂ ತಂದರು. ಪಾಯಿಂಟ್ಸನ್ನು ಬೇರೆಯವರಿಗೆ ಬಳಸಬೇಕಾದರೆ ಅವರು ಕುಟುಂಬದವರಾಗಿರಬೇಕು, ಹೆಸರು ನೋಂದಾಯಿಸಬೇಕು. ಕಂಪ್ಯೂಟರಿನಲ್ಲಿ ತುಂಬುವ ಮೊದಲು ಎಲ್ಲವನ್ನೂ ಕಾಗದದ ಮೇಲೆ ತುಂಬಿ ನೋಡುವ ಜಾತಿ ಅವರದು. ನನ್ನ ಹೆಸರು ಬರೆದರು, ಹುಟ್ಟಿದ ದಿನ ಕೇಳಿದರು, ಪಾಸ್‌ಪೋರ್ಟ್ ನಂಬರ್ ಬರೆದರು. 'ಸಂಬಂಧ' ಎಂಬ ಕಾಲಮ್ಮಿನ ಮೇಲೆ ಪೆನ್ನು ನಿಂತಿತು.

ಸೂಜಿ ಹೆಗಲ ಮೇಲಿಂದ ಬಗ್ಗಿ ಓದಿದಳು. "ಹೆಂಡತಿ, ತಾಯಿ, ಮಗಳು, ಸೊಸೆ, ಅಕ್ಕ, ತಂಗಿ... ಅಂಟಮ್ಮ ಅಂತ ಇಲ್ವಲ್ಲ! ತಂಗಿ ಅಂತ ಹಾಕಿಬಿಡಿ ಸಾರ್, ಯಾರು ನೋಡ್ತಾರೆ?"

"ಬೇಡ!"

ಎಷ್ಟು ಜೋರಾಗಿ ಹೇಳಿದರೆಂದರೆ ಅಂಟಿನ ಕುಂಚ ನನ್ನ ಕೈಯಿಂದ ಬಿತ್ತು. ಅವರು ಕಿವಿಯವರೆಗೂ ಕೆಂಪಾದರು. "ಅಂದ್ರೆ... ನಿಜವಲ್ಲದ್ದನ್ನ ಬರೆಯೋದು ಬೇಡ," ಎಂದು ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದರು. ಲಿಫ್ಟ್ ಅಲ್ಲೇ ಬಾಗಿಲು ತೆರೆದು ನಿಂತಿತ್ತು.

ಎರಡು ವಾರ ಅವರು ಬರಲಿಲ್ಲ. ಅಷ್ಟು ದೊಡ್ಡ ಪಟ್ಟಿಯಲ್ಲಿ ನಾನು ಯಾರೂ ಅಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು ಎಂದುಕೊಂಡೆ. ಲಿಫ್ಟ್ ಮಾತ್ರ ಒಂದು ದಿನವೂ ಕೆಡಲಿಲ್ಲ. ಕೆಡಲಿ ಎಂದು ದಿನವೂ ಅದರೊಳಗೆ ನಿಂತು ಆಸೆಪಟ್ಟೆ. ಐವತ್ತೆಂಟನೇ ವಯಸ್ಸಿನಲ್ಲಿ ಇಂಥ ಆಸೆ! ಕೊನೆಗೆ ಬರಲಾಗುವುದಿಲ್ಲವೆಂದು ಆ ಗ್ರಂಥಾಲಯಕ್ಕೆ ಪತ್ರ ಬರೆದು ಲಕೋಟೆಗೆ ಅಂಟು ಹಚ್ಚುತ್ತಿದ್ದೆ.

"ಅದನ್ನ ಒಣಗೋಕೆ ಬಿಡಬೇಡಿ."

ಬಾಗಿಲಲ್ಲಿ ಅವರು. ಟೂಲ್ ಬ್ಯಾಗ್ ಇಲ್ಲ. ಇಸ್ತ್ರಿ ಮಾಡಿದ ಶರ್ಟು. ಸೂಜಿ ಎಂದೂ ಇಲ್ಲದ ಹಾಗೆ, "ನಾನು ಟೀ ತರ್ತೀನಿ," ಎಂದು ಎದ್ದು ಹೋದಳು. ಆ ಹುಡುಗಿ ನನಗೆ ಮಾಡಿದ ಉಪಕಾರಗಳಲ್ಲಿ ಅದೇ ದೊಡ್ಡದು.

ಅವರು ಮೇಜಿನ ಮೇಲೆ ಒಂದು ಟಿಕೆಟ್ ಇಟ್ಟರು. ನನ್ನದೇ ವಿಮಾನ, ಅವರ ಹೆಸರು, ಹಿಂದಿನ ಸಾಮಾನ್ಯ ಸೀಟು.

"ರೂಲ್ಸ್ ಪುಸ್ತಕ ಪೂರ್ತಿ ಓದಿದೆ. ಪಾಯಿಂಟ್ಸ್ ಇರೋ ಮೆಂಬರೇ ಅದೇ ವಿಮಾನದಲ್ಲಿ ಹೋಗ್ತಿದ್ರೆ ಜೊತೆಗಿರೋ ಒಬ್ಬರನ್ನ ಅಪ್‌ಗ್ರೇಡ್ ಮಾಡಬಹುದು. ಸಂಬಂಧ ಕೇಳಲ್ಲ. ಒಬ್ಬರಿಗೆ ಸಾಕಾಗುವಷ್ಟು ಪಾಯಿಂಟ್ಸ್ ಇದೆ. ನೀವು ಮುಂದೆ, ನಾನು ಹಿಂದೆ."

"ಅಲ್ಲಿ ಇಳಿದು ಏನು ಮಾಡ್ತೀರಿ?"

"ಆ ಊರಲ್ಲಿ ಲಿಫ್ಟ್ ಇರಲ್ವಾ? ಹತ್ತಿ ಇಳೀತಾ ಇರ್ತೀನಿ. ಹತ್ತು ದಿನ ಬಿಟ್ಟು ವಾಪಸ್." ಆಮೇಲೆ ಜೇಬಿನಿಂದ ಆ ಹಳೆಯ ಫಾರಂ ತೆಗೆದರು. ಮಡಿಕೆಗಳು ಸವೆದು ತೂತಾಗುವ ಹಾಗಿದ್ದವು. "ಇದು ಈಗ ಬೇಕಿಲ್ಲ. ಬೇಕಾಗಿದ್ದಾಗ ಕೇಳಿದ್ರೆ, ಸೀಟಿನ ಆಸೆ ತೋರಿಸಿ ಕೇಳಿದ ಹಾಗಾಗ್ತಿತ್ತು. ಅದಕ್ಕೇ ಅವತ್ತು ಓಡಿಹೋದೆ. ಈಗ ನಿಮ್ಮ ಪ್ರಯಾಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಗ ಕೇಳ್ತೀನಿ. ಆ ಕಾಲಮ್ಮಲ್ಲಿ ತಂಗಿ ಅಂತ ಬರೆಯೋಕೆ ನನ್ನಿಂದ ಆಗಲ್ಲ. ಆ ಪಟ್ಟಿಯ ಮೊದಲನೇ ಪದ ಬರೆಯೋ ಆಸೆ. ನಿಜ ಆದ್ರೆ ಮಾತ್ರ. ಖಾಲಿ ಬಿಟ್ರೂ ಸರಿ, ಸೀಟು ನಿಮ್ಮದೇ."

ನಾನು ಒದ್ದೆ ಲಕೋಟೆಯನ್ನು ಹರಿದುಹಾಕಿದೆ. ಫಾರಂ ತೆಗೆದುಕೊಂಡು ಸವೆದ ಮಡಿಕೆಗೆ ತೆಳು ಕಾಗದದ ಪಟ್ಟಿ ಅಂಟಿಸಿದೆ.

"ವಿಮಾನ ಇಳಿಯೋದ್ರೊಳಗೆ ಹೇಳ್ತೀನಿ," ಎಂದೆ.

"ಸರಿ, ಮಾತು ಕೊಡ್ತೀನಿ. ನೀವಾಗಿ ಹೇಳೋವರೆಗೂ ಕೇಳಲ್ಲ."

ಹೊರಡುವ ಬೆಳಿಗ್ಗೆ ಅವರ ಮಗಳು ನಮ್ಮನ್ನು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟಳು. ನನ್ನ ಬೆನ್ನಿಗೆಂದು ಒಂದು ಪುಟ್ಟ ದಿಂಬು ತಂದಿದ್ದಳು. "ಆಂಟಿ, ಅಪ್ಪ ಆ ಲಗೇಜ್ ಟ್ಯಾಗ್‌ಗಳನ್ನೆಲ್ಲ ನಿಮ್ಮ ಒಂದೇ ಪೆಟ್ಟಿಗೆಗೆ ಕಟ್ಟಿದ್ದಾರೆ, ನೋಡಿದ್ರಾ?" ಎಂದು ನಕ್ಕಳು. ನೋಡಿದೆ. ಒಂಬತ್ತೂ ಇದ್ದವು.

ಪಾಯಿಂಟ್ಸ್ ಕೊಟ್ಟರೂ ಸೀಟು ಖಾಲಿ ಇದ್ದರೆ ಮಾತ್ರ ಸಿಗುತ್ತದೆ, ಗೇಟಿನವರೆಗೂ ಗೊತ್ತಾಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಗೇಟಿನ ಪರದೆಯ ಮೇಲೆ ಕಾಯುವವರ ಪಟ್ಟಿ. ಖಾಲಿ ಇದ್ದದ್ದು ಎರಡೇ ಸೀಟು. ನಾನು ನಾಲ್ಕನೆಯವಳು.

"ಸಿಗದಿದ್ರೆ ವಾಪಸ್ ಹೋಗೋಣ," ಎಂದರು. ಅವರ ಮೊಣಕಾಲು ಮಾತ್ರ ಕುಣಿಯುತ್ತಿತ್ತು.

ಮೊದಲ ಸೀಟು ಒಬ್ಬ ಉದ್ದನೆಯ ಮನುಷ್ಯನಿಗೆ ಹೋಯಿತು. ಎರಡನೆಯ, ಮೂರನೆಯ ಹೆಸರು ಒಂದು ವಯಸ್ಸಾದ ದಂಪತಿಯದು. ಅವರು ಕೌಂಟರಿನ ಹತ್ತಿರ ಹೋಗಿ ಏನೋ ಮಾತಾಡಿ, ಕೈಕೈ ಹಿಡಿದುಕೊಂಡು ತಿರುಗಿ ಬಂದರು. "ಒಂದೇ ಸೀಟಂತೆ," ಎಂದರು ಆ ಹೆಂಗಸು ನಮ್ಮ ಪಕ್ಕ ಕೂರುತ್ತಾ. "ಒಬ್ಬರು ಮುಂದೆ, ಒಬ್ಬರು ಹಿಂದೆ ಯಾಕೆ? ಬೇಡ ಅಂದ್ವಿ."

ನನ್ನ ಹೆಸರು ಕೂಗಿದರು.

ಕೌಂಟರಿನ ಹುಡುಗಿ ಹಳೆಯ ಬೋರ್ಡಿಂಗ್ ಪಾಸ್ ಹರಿದು ಹೊಸದು ಕೊಟ್ಟಳು: ಮೂರನೇ ಸಾಲು, ಕಿಟಕಿ. ತಿರುಗಿ ನೋಡಿದರೆ, ಅರವತ್ತೊಂದು ವರ್ಷದ ಆ ಮನುಷ್ಯ ಎರಡೂ ಮುಷ್ಟಿ ಬಿಗಿಹಿಡಿದು, ಪರೀಕ್ಷೆ ಪಾಸಾದ ಹುಡುಗನ ಹಾಗೆ ನಿಂತಲ್ಲೇ ಒಂದು ಸುತ್ತು ತಿರುಗಿಬಿಟ್ಟರು.

ವಿಮಾನ ಮೋಡದ ಮೇಲೆ ಬಂದ ಮೇಲೆ ಗುಂಡಿ ಒತ್ತಿದೆ. ಸೀಟು ನಿಧಾನವಾಗಿ, ಒಂದು ಕುಲುಕೂ ಇಲ್ಲದೆ, ಹಾಸಿಗೆಯಾಯಿತು. ಎರಡು ವರ್ಷದಿಂದ ಒಂದೇ ಸಮನೆ ಗೊಣಗುತ್ತಿದ್ದ ಸೊಂಟ ಬಾಯಿ ಮುಚ್ಚಿತು. ಕಿಟಕಿಯ ಆಚೆ ಬಿಸಿಲು. ಮೂರನೇ ಕರೆ, ಮತ್ತು ನಾನು ಹೋಗುತ್ತಿದ್ದೇನೆ! ಅಪ್ಪನ ಸೌಟು, ಅಪ್ಪನ ಅಂಟು, ಅಪ್ಪನ ಮಗಳು ಸಮುದ್ರ ದಾಟುತ್ತಿದ್ದೇವೆ. ನನಗೆ ಜೋರಾಗಿ ನಗಬೇಕೆನ್ನಿಸಿತು. ನಗುವಾಗ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಿಳಿ ಬಟ್ಟೆ ಹಾಸಲು ಗಗನಸಖಿ ಬಂದಳು. "ಊಟ ಕೊಡಲಾ ಮೇಡಂ?"

"ಸ್ವಲ್ಪ ನಡೆದು ಬರ್ತೀನಮ್ಮ. ಹಿಂದುಗಡೆ ಐವತ್ತೆರಡನೇ ಸಾಲಲ್ಲಿ ನಮ್ಮವರಿದ್ದಾರೆ."

ಹೇಳಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಯೋಚಿಸಿ ಆಡಿದ ಮಾತಲ್ಲ. ಚೀಲದಿಂದ ಫಾರಂ ತೆಗೆದು, ಪುಸ್ತಕದ ಬೆನ್ನಿನ ಮೇಲೆ ಹೆಸರು ಬರೆಯುವ ದುಂಡಗಿನ ಅಕ್ಷರದಲ್ಲಿ, ಆ ಕಾಲಮ್ಮಿನಲ್ಲಿ ಪಟ್ಟಿಯ ಮೊದಲನೇ ಪದ ಬರೆದೆ.

ಕೋಲೂರಿಕೊಂಡು ಹೊರಟೆ. ಎಷ್ಟು ಉದ್ದದ ದಾರಿ ಅದು! ಯಾರೋ ಕಾಲು ಒಳಗೆಳೆದುಕೊಂಡರು, ಯಾರೋ ಮೊಣಕೈ ಹಿಡಿದು ದಾಟಿಸಿದರು. ಗೇಟಿನಲ್ಲಿ ಕಂಡ ಆ ದಂಪತಿ ಒಂದೇ ಕಂಬಳಿಯಲ್ಲಿ ನಿದ್ದೆ ಹೋಗಿದ್ದರು.

ಅವರು ಮೊಣಕಾಲು ಮುಂದಿನ ಸೀಟಿಗೆ ತಾಗಿಸಿಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿದ್ದರು. ಪಕ್ಕದ ಸೀಟು ಖಾಲಿ ಇತ್ತು. ಕೂತೆ.

ಬೆಚ್ಚಿಬಿದ್ದರು. "ಏನಾಯ್ತು? ಸೊಂಟ ನೋವಾ? ಸೀಟು ಮಲಗ್ತಿಲ್ವಾ?"

"ಎಲ್ಲಾ ಚೆನ್ನಾಗಿದೆ. ಇದನ್ನೊಂದು ಇನ್‌ಸ್ಪೆಕ್ಷನ್ ಮಾಡಿ."

ಫಾರಂ ಬಿಚ್ಚಿದರು. ಕನ್ನಡಕ ಇಳಿಸಿ ಓದಿದರು. ಅದನ್ನು ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ಓದಿದರು. 

"ನಿಜಾನಾ ಇದು?"

"ನಾನೂ ಸುಳ್ಳು ಬರೆಯಲ್ಲ."

ಅವರು ಪೆನ್ನು ಕೇಳಿದರು. ಮೊಣಕಾಲ ಮೇಲೆ ಕಾಗದ ಇಟ್ಟು, ಲಿಫ್ಟಿನ ಸರ್ಟಿಫಿಕೇಟಿಗೆ ಹಾಕುವ ಹಾಗೆ ಪೂರ್ತಿ ಸಹಿ ಹಾಕಿ ತಾರೀಖು ಬರೆದರು. "ಮುಗೀತು," ಎಂದರು. "ಇನ್ನು ಜವಾಬ್ದಾರಿ ನಂದು."

"ಅರ್ಧ ನಂದು."

"ಸರಿ ಮಾರಾಯ್ತಿ, ಅರ್ಧ ನಿಂದು." ಅವರು ನನ್ನನ್ನು ಮೇಡಂ ಎನ್ನದೆ ಏಕವಚನದಲ್ಲಿ ಕರೆದದ್ದು ಅದೇ ಮೊದಲ ಸಲ. "ಆದ್ರೆ ಇಲ್ಲೇ ಕೂತ್ರೆ ನನ್ನ ಪಾಯಿಂಟ್ಸ್ ಎಲ್ಲಾ ದಂಡ."

"ದಂಡ ಆಗೋಕೆ ಬಿಡಲ್ಲ, ಹೋಗಿ ಮಲಗ್ತೀನಿ. ಅವತ್ತು ಊಟಕ್ಕೆ ಇನ್ನೊಂದು ದಿನ ಬರ್ತೀನಿ ಅಂದವರು ಬರಲೇ ಇಲ್ಲ. ಅದಕ್ಕೇ ನಾನೇ ಬಂದೆ."

ಅವರು ನಕ್ಕರು. ಕಪ್ಪು ಹುಬ್ಬು ಏರಿತು, ಈ ಸಲ ಇಳಿಯಲಿಲ್ಲ.

ಪಕ್ಕದಲ್ಲಿ ಯಾರೋ ನಿಂತಂತಾಯಿತು. ಮುಂದಿನ ಕ್ಯಾಬಿನ್ನಿನ ಅದೇ ಹುಡುಗಿ. ಕೈಯಲ್ಲಿ ನನ್ನ ಊಟದ ಟ್ರೇ. ಬಿಳಿ ಬಟ್ಟೆ, ಪಿಂಗಾಣಿ ತಟ್ಟೆ, ಹಬೆಯಾಡುವ ಅನ್ನ. ನಮ್ಮಿಬ್ಬರ ಮುಖ ನೋಡಿದಳು. ಟ್ರೇಯನ್ನು ಮೆಲ್ಲಗೆ ನನ್ನ ಕೈಗಿತ್ತು ಹೋದಳು. ಅದರಲ್ಲಿ ಎರಡು ಚಮಚಗಳಿದ್ದವು.