ನೀರಿನ ತಟ್ಟೆಯ ಏಳು ಬಿಳಿ ವೃತ್ತಗಳು

೧೯೯೮ರ ಫೆಬ್ರವರಿ ೧೨, ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಹೊಳೆನರಸೀಪುರದ ಕಾಲೇಜೊಂದರ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಕೊನೆಯ ವರ್ಷದ ರಂಜನಿ ಎರಡು ಗಾಜಿನ ತಟ್ಟೆಗಳಿಗೆ ಅಯೋಡಿನ್ ಸುರಿದಳು. ಎರಡರಲ್ಲೂ ಪಿಷ್ಟದ ಗಂಜಿ ಹೆಪ್ಪುಗಟ್ಟಿತ್ತು, ಅದರ ಮೇಲೆ ಹತ್ತತ್ತು ಅರೆ ಗೋಧಿಕಾಳು. ಒಂದಕ್ಕೆ ಹಾರ್ಮೋನು ಹಾಕಿದ್ದಳು, ಇನ್ನೊಂದಕ್ಕೆ ಬರೀ ನೀರು. ಪಿಷ್ಟ ನೀಲಿಯಾಯಿತು. ಆದರೆ ನೀರಿನ ತಟ್ಟೆಯಲ್ಲೂ ಬಿಳಿ ವೃತ್ತಗಳು ಮೂಡಿದವು. ಬಿಳಿಯೆಂದರೆ ಪಿಷ್ಟ ಕರಗಿದೆ ಎಂದರ್ಥ; ಅಲ್ಲಿ ಅದು ಕರಗಬಾರದಿತ್ತು.

"ನೀನೇ ತಟ್ಟೆ ಅದಲುಬದಲು ಮಾಡಿದೀಯೋ, ಯಾರಾದ್ರೂ ಹಾರ್ಮೋನು ಹಾಕಿದಾರೋ? ಇದು ಬಗೆಹರೀದಿದ್ರೆ ಸೋಮವಾರ ಮೈಸೂರಿನ ಸ್ಪರ್ಧೆಗೆ ನಿನ್ನ ಬದಲು ನಿನ್ನ ಕ್ಲಾಸಿನ ವಿಶ್ವಾಸ್ ಹೋಗ್ತಾನೆ," ಎಂದರು ವಿಭಾಗದ ಮುಖ್ಯಸ್ಥೆ ಪ್ರಿಯಂವದಾ. ರಂಜನಿಯ ಕಣ್ಣು ತುಂಬಿತು.

ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಹಾಸನಕ್ಕೆ ಫೋನ್ ಮಾಡಿದೆ. ಇಂಥ ಎಷ್ಟೋ ಗಂಟುಗಳನ್ನು ಬಿಡಿಸಿದ್ದ ನಿವೃತ್ತ ಮೇಷ್ಟ್ರು ಚಲುವನಾರಾಯಣರು ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು.

ಅಟೆಂಡರ್ ಬೈರಯ್ಯ ಬೆರಳು ನೆಕ್ಕಿ, ಪ್ರಯೋಗಾಲಯಕ್ಕೆ ಬಂದುಹೋದವರನ್ನು ಬರೆದಿಡುವ ಬೀಗದ ಪುಸ್ತಕದ ಪುಟ ತಿರುವಿದ. "ನೆನ್ನೆ ಸಂಜೆ ಕೊನೇಗೆ ಬಂದಿದ್ದು ಈ ವಿಶ್ವಾಸಪ್ಪಾರು. ಆಮೇಲೆ ಕಸ ಗುಡಿಸಿ ಬೀಗ ಆಕಿದ್ದು ನಾನೇ ಸಾ."

"ಟಿಫಿನ್ ಡಬ್ಬಿ ಮರೆತಿದ್ದೆ ಸರ್! ಹಾರ್ಮೋನು ಬಾಟಲಿ ಯಾವ್ದು ಅಂತಾನೂ ನಂಗೆ ಗೊತ್ತಿಲ್ಲ," ಎಂದ ವಿಶ್ವಾಸ್.

"ಗೊತ್ತಿಲ್ದೆ ಮೈಸೂರಿಗೆ ಹೊರಟಿದೀಯಲ್ಲೋ!" ಎಂದಳು ರಂಜನಿ.

ಮೇಷ್ಟ್ರು ಭೂತಗನ್ನಡಿ ಹಿಡಿದು ನೀರಿನ ತಟ್ಟೆ ನೋಡಿದರು. ಏಳು ಕಾಳುಗಳ ಸುತ್ತ ವೃತ್ತ, ಮೂರರ ಸುತ್ತ ಇಲ್ಲ. ಏಳರಲ್ಲಿ ನಾಲ್ಕು ಅಂಗಾತ ಬಿದ್ದಿದ್ದವು.

"ಕೊಯ್ದ ಮುಖ ಹೇಗಿಟ್ಟಿದ್ದೆಯಮ್ಮ?"

"ಎಲ್ಲಾನೂ ಕೆಳಮುಖವಾಗಿ ಸರ್."

ಅವರು ಹೊಸ ಪಿಷ್ಟದ ತಟ್ಟೆ ತರಿಸಿದರು. "ಬೈರಯ್ಯ, ಪುಟ ತಿರುವೋ ಹಾಗೇ ಬೆರಳು ನೆಕ್ಕಿ ಇಲ್ಲಿ ಒತ್ತಪ್ಪ."

ಒಂದು ಗಂಟೆಯ ನಂತರ ಎಲ್ಲರನ್ನೂ ಸೇರಿಸಿ ಅದಕ್ಕೆ ಅಯೋಡಿನ್ ಸುರಿದರು. ನೀಲಿಯ ನಡುವೆ ಬೆರಳಿನಷ್ಟು ಬಿಳಿ.

"ಕಾಳು ನೆಂದಾಗ ಅದರ ಭ್ರೂಣ ಜಿಬ್ಬರೆಲಿನ್ ಅನ್ನೋ ಹಾರ್ಮೋನು ಕಳಿಸುತ್ತೆ. ಅದು ಬಂದರೇನೇ ಸಿಪ್ಪೆಯ ಒಳಪದರ ಅಮೈಲೇಸ್ ಕಿಣ್ವ ತಯಾರಿಸಿ ಪಿಷ್ಟ ಕರಗಿಸೋದು. ರಂಜನಿ ಭ್ರೂಣವನ್ನೇ ಕೊಯ್ದು ತೆಗೆದಿದ್ದಳು. ತಟ್ಟೆಗೆ ಯಾರಾದ್ರೂ ಹಾರ್ಮೋನು ಸುರಿದಿದ್ರೆ, ತಟ್ಟೆಗಳೇ ಅದಲುಬದಲಾಗಿದ್ರೆ, ಹತ್ತರ ಸುತ್ತಲೂ ಕರಗಬೇಕಿತ್ತು. ಕರಗಿದ್ದು ಏಳು. ಅವುಗಳಲ್ಲಿ ನಾಲ್ಕು ಮಗುಚಿವೆ. ಅಂದ್ರೆ ಏಳನ್ನ ಯಾರೋ ಒಂದೊಂದಾಗಿ ಎತ್ತಿಟ್ಟಿದಾರೆ. ಅಂಥದೇ ಕಿಣ್ವ ನಮ್ಮ ಎಂಜಲಲ್ಲೂ ಇದೆ."

ಬೈರಯ್ಯನ ಮುಖ ಕಪ್ಪಿಟ್ಟಿತು. "ಗುಡ್ಸೋವಾಗ ಪೊರಕೆ ತಾಕಿ ತಟ್ಟೆ ವಾಲ್ತು ಸಾ. ಏಳು ಕಾಳು ನೆಲಕ್ಕೆ ಬಿದ್ವು. ತಿನ್ನೋ ಕಾಳ್ನ ತುಳಿಯಾಕಾಯ್ತದಾ? ಬೆರಳು ವದ್ದೆ ಮಾಡ್ಕಂಡು ಎತ್ತಿಟ್ಬುಟ್ಟೆ. ತೆಪ್ಪಾಯ್ತು ಕಣವ್ವ."

"ಅಷ್ಟು ಆಗಲೇ ಹೇಳಿದ್ರೆ ನಂಗೆ ಕಳ್ಳನ ಪಟ್ಟ ತಪ್ತಿತ್ತಲ್ಲ ಬೈರಯ್ಯ!" ಎಂದ ವಿಶ್ವಾಸ್.

"ಈಗಲೇ ತಟ್ಟೆಗಳನ್ನ ಮತ್ತೆ ಇಡು ರಂಜನಿ," ಎಂದರು ಪ್ರಿಯಂವದಾ.

ಶನಿವಾರ ಸಂಜೆ ಬೈರಯ್ಯ ಪೊರಕೆಯನ್ನು ಹೊರಗೇ ಇಟ್ಟು, ಕೈಕಟ್ಟಿ ಬಾಗಿಲಲ್ಲಿ ನಿಂತ. ರಂಜನಿ ಸ್ಕೇಲು ಹಿಡಿದು ಅಳೆದಳು, ನಾನು ಬರೆದುಕೊಂಡೆ. ನೀರಿನ ತಟ್ಟೆಯಲ್ಲಿ ಸೊನ್ನೆ. ಹಾರ್ಮೋನಿನ ತಟ್ಟೆಯಲ್ಲಿ, ಹತ್ತೂ ವೃತ್ತಗಳ ಸರಾಸರಿ ಅಗಲ ಹದಿನಾಲ್ಕು ಮಿಲಿಮೀಟರ್.