ಮೂರು ಮೋಟಾರು, ಒಂದು ಬಿರುಕು

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತರೀಕೆರೆಯ ವರ್ಕ್‌ಶಾಪಿಗೆ ಕಾಲಿಟ್ಟ ಎಂಜಿನಿಯರ್ ಅಕ್ಷತಾಗೆ ಮೊದಲು ಕಂಡಿದ್ದೇ ಬಿರುಕು. ಮೊದಲ ಬೆಂಚಿನ ಮೋಟಾರಿನ ಮ್ಯಾಗ್ನೆಟ್ ಪಟ್ಟಿ ಸೀಳಿತ್ತು. ಆಮೇಲೆ ಕೇಳಿಸಿದ್ದು ಮ್ಯಾನೇಜರ್ ಓಂಕಾರೇಶನ ಕೂಗಾಟ.

"ಇವಳದೇ ಕೆಲ್ಸ ಕಣ್ರೀ ಭಾವ! ಕೀ ಇರೋದು ನಮ್ಮಿಬ್ಬರ ಹತ್ರ. ನಾನು ಕಡೂರಿಂದ ಈಗ ತಾನೆ ಬಂದೆ."

ಮಾಲೀಕ ತೀರ್ಥಪ್ಪನವರ ಮುಖ ಕಪ್ಪಿಟ್ಟಿತ್ತು. ಈರುಳ್ಳಿ ವಿಂಗಡಿಸುವ ಯಂತ್ರಕ್ಕೆ ಯಾವುದು ಹೊಂದುತ್ತೆ ಅಂತ ನೋಡಲು ಮೂರು ಲೀನಿಯರ್ ಮೋಟಾರು ತರಿಸಿದ್ದರು. ತಿರುಗುವ ಬದಲು ನೇರ ಹಳಿಯ ಮೇಲೆ ಓಡುವಂಥವು. ಎರಡು ತಿಂಗಳು ಒದ್ದಾಡಿ ಅವನ್ನು ಹೋಲಿಸಿದವಳು ಅಕ್ಷತಾ. ವರದಿಗೆ ಸಹಿ ಮಾತ್ರ ಓಂಕಾರೇಶನದು! ನಿನ್ನೆ ಅವಳು ಅದಕ್ಕೇ ಜಗಳ ತೆಗೆದಿದ್ದಳು.

"ಆ ಸಿಟ್ಟಿಗೇ ಒಡೆದಿದ್ದಾಳೆ. ಪೊಲೀಸಿಗೆ ಹೇಳಿ."

"ಹೇಳ್ರಿ," ಅಂದಳು ಅಕ್ಷತಾ. "ಅಲ್ಲೀವರೆಗೂ ಯಾರೂ ಏನೂ ಮುಟ್ಬೇಡಿ. ಈ ಕೆಟ್ಟ ಹೆಸರು ಹೊತ್ಕೊಂಡು ನಮ್ಮೂರು ಅಜ್ಜಂಪುರದ ಬಸ್ ಹತ್ತೋಳಲ್ಲ ನಾನು."

* * *

ಎಲ್ಲರೂ ವೆಲ್ಡರ್ ಹಾಲೇಶನ ಸುತ್ತಿಗೆ ಕಡೆ ನೋಡಿದರು. ಅಕ್ಷತಾ ಅಲ್ಲ ಅಂತ ತಲೆ ಆಡಿಸಿದಳು. "ಗಾಯ ಉದ್ದ, ತೆಳು. ಇದು ಅಲಗಿನ ಏಟು."

ಹಾಲೇಶ ಉಸಿರು ಬಿಟ್ಟ.

ಅವಳು ಬಗ್ಗಿದಳು. ಮೂರೂ ಬೆಂಚಿನ ಕಾಲಿಗೆ ಕುಂಕುಮ. ಮೂರರ ಮುಂದೂ ತೆಂಗಿನ ನಾರು, ಒದ್ದೆ ನೆಲ.

"ನಿನ್ನೆ ಸಂಜೆ ನಾನು ಗುಡಿಸಿ ಹೋದಾಗ ಇದೇನೂ ಇರ್ಲಿಲ್ಲ ಕಣವ್ವಾ," ಅಂದಳು ಕಸ ಗುಡಿಸುವ ಪ್ರೇಮಮ್ಮ.

ಶುಕ್ರವಾರದ ಪೂಜೆ. ಮಚ್ಚಿನಲ್ಲಿ ಒಡೆದ ಕಾಯಿ. ಓಹೋ!

"ಓಂಕಾರೇಶಣ್ಣ, ಈ ಮೂರರಲ್ಲಿ ಕಬ್ಬಿಣ ಎಳೆಯೋದು ಯಾವುದು?"

"ಎಲ್ಲಾ ಮೋಟಾರೇ ತಾನೆ? ಮೂರೂ ಎಳೀತವೆ."

ಅಕ್ಷತಾ ದಾರಕ್ಕೆ ಪುಟ್ಟ ನಟ್ಟು ಕಟ್ಟಿ ಇಳಿಬಿಟ್ಟಳು. ಮೂರನೆಯ ಬೆಂಚಿನಲ್ಲಿ ಅದು ಸುಮ್ಮನೆ ತೂಗಿತು. ಎರಡನೆಯದರಲ್ಲೂ ಅಷ್ಟೇ. ಮೊದಲನೆಯದರ ಹತ್ತಿರ ಹೋದದ್ದೇ ತಡ, ದಾರ ಬಿಗಿದು ಓರೆಯಾಯಿತು.

"ಮೂರನೆಯದಕ್ಕೆ ಮ್ಯಾಗ್ನೆಟ್ಟೇ ಇಲ್ಲ, ಅಲ್ಯೂಮಿನಿಯಂ ಹಳಿ. ಅಗ್ಗ, ಆದ್ರೆ ಕರಾರುವಾಕ್ಕಾಗಿ ನಿಲ್ಲಲ್ಲ. ಎರಡನೆಯದು ಮ್ಯಾಗ್ನೆಟ್ಟನ್ನ ಎದುರುಬದುರು ಒಳಗೇ ಇಟ್ಕೊಂಡಿದೆ. ನಯವಾಗಿ ಓಡುತ್ತೆ, ಭಾರ ತಳ್ಳಲ್ಲ. ಭಾರ ತಳ್ಳೋದು ಮೊದಲನೆಯದು. ಅದರ ಮ್ಯಾಗ್ನೆಟ್ ಬಾಯಿ ತೆರೆದು ಕೂತಿದೆ, ಮಚ್ಚು ಹತ್ರ ಬಂದ್ರೆ ಕೈಯಿಂದ ಕಿತ್ಕೊಳ್ಳುತ್ತೆ. ನಾನು ಹೇರ್‌ಪಿನ್ ಕೂಡ ಬಾಗಿಲಲ್ಲೇ ತೆಗೆದಿಡ್ತೀನಿ. ಇದು ಹೋಲಿಸಿದೋಳ ತಪ್ಪಲ್ಲ ಸಾರ್. ಹೋಲಿಸಿದೆ ಅಂತ ಸಹಿ ಹಾಕಿದೋನ ತಪ್ಪು."

"ಸುಳ್ಳು! ನಾನು ಬಂದಿದ್ದೇ ಈಗ!"

"ವಾಚ್ ತೋರ್ಸಿ."

ಓಂಕಾರೇಶ ಕೈ ಹಿಂದಕ್ಕೆಳೆದ. ತೀರ್ಥಪ್ಪ ಬಿಡಲಿಲ್ಲ. ಕೀ ಕೊಡುವ ಹಳೇ ವಾಚು ಏಳು ಹತ್ತಕ್ಕೆ ನಿಂತಿತ್ತು. ಮಚ್ಚಿನ ಜೊತೆ ಕೈಯೂ ಆ ಮ್ಯಾಗ್ನೆಟ್ಟಿನ ಮೇಲೆ ಹೋಗಿತ್ತು, ಅದರ ಸೆಳೆತಕ್ಕೆ ವಾಚಿನ ಸ್ಪ್ರಿಂಗ್ ಅಂಟಿಕೊಂಡಿತ್ತು.

"ಮಧ್ಯಾಹ್ನ ಗಿರಾಕಿ ಬರ್ತಾರಲ್ಲ, ಒಳ್ಳೇದಾಗ್ಲಿ ಅಂತ ಬೆಳಿಗ್ಗೇನೇ ಬಂದು ಪೂಜೆ ಮಾಡಿದ್ದೆ," ಅಂದ ಓಂಕಾರೇಶ.

"ಕೈತಪ್ಪು ಅಂದಿದ್ರೆ ಮುಗೀತಿತ್ತಲ್ಲೋ! ಈ ಹುಡುಗಿ ತಲೆಗೆ ಕಟ್ಟಿದ್ಯಾ?" ತೀರ್ಥಪ್ಪ ಗುಡುಗಿದರು. ಅವಳತ್ತ ತಿರುಗಿ, "ನಿನ್ನ ಕೆಲಸಕ್ಕೇನೂ ಭಯ ಇಲ್ಲ ಕಣಮ್ಮ," ಅಂದರು.

ಅಕ್ಷತಾ ವರದಿ ತೆಗೆದು ಓಂಕಾರೇಶನ ಹೆಸರಿಗೆ ಗೀಟು ಹಾಕಿದಳು. ಕೆಳಗೆ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದು ಅವರ ಮುಂದಿಟ್ಟಳು.

"ಅಷ್ಟೇ ಸಾಲ್ದು ಸಾರ್. ಇದಕ್ಕೆ ಒಪ್ಪಿಗೆ ಸಹಿ ಹಾಕಿ."

ತೀರ್ಥಪ್ಪ ಜೇಬಿನಿಂದ ಪೆನ್ನು ತೆಗೆದರು.