ಪುಟ್ಟಿಗೆ ರಜಾ

"ನಿಲ್ಸಿ… ಇದು ಯಾರ ಧ್ವನಿ?"

ಹೆಡ್‌ಫೋನಿನಲ್ಲಿ ಆ ಮಾತು ಕೇಳಿದ್ದೇ ತಡ, ಅವಳ ನಿದ್ದೆಗಣ್ಣು ಪೂರ್ತಿ ತೆರೆಯಿತು.

ಬೆಳಗಿನ ಆರೂವರೆ. ಗಾಜಿನ ಈಚೆ ಮೈಕಿನ ಮುಂದೆ ಅವಳು. ಆಚೆ ಕನ್ಸೋಲಿನ ಹಿಂದೆ ಸೌಂಡ್ ಎಂಜಿನಿಯರ್. ಮಾತು ಕಡಿಮೆ ಎಂದು ಸ್ಟುಡಿಯೋದವರು ಅವನಿಗೆ 'ಮೌನಿ' ಎಂದೇ ಹೆಸರಿಟ್ಟಿದ್ದರು. ಆಡಿದ ಮೊದಲ ಮಾತೇ ಇದು!

"ಯಾರ ಧ್ವನಿ ಅಂದ್ರೆ? ನಂದೇ!"

"ಇದು ಟೀವಿ ಪುಟ್ಟಿ ಧ್ವನಿ. ನಾನು ಕೇಳ್ತಿರೋದು ನಿಮ್ಮದು."

ಎಷ್ಟು ಸೊಕ್ಕು! ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಜಗಳವಾಡುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ? ಅದೂ ಇರಲಿಲ್ಲ.

ಒಂಬತ್ತನೇ ವಯಸ್ಸಿಗೆ ಧಾರಾವಾಹಿಯಲ್ಲಿ ಪುಟ್ಟಿಯಾದವಳು ಇಪ್ಪತ್ತು ತುಂಬಿದರೂ ಪುಟ್ಟಿಯೇ. ಹನ್ನೆರಡರಲ್ಲಿ ಅವಳ ಧ್ವನಿ ದಪ್ಪವಾಯಿತು. "ಮುಖ ಮಗೂದು, ಧ್ವನಿ ಅತ್ತೇದು" ಎಂದು ನಿರ್ದೇಶಕರು ನಕ್ಕರು. ಅಂದಿನಿಂದ ತುಟಿ ಅವಳದು, ಮಾತು ಯಾವಳೋ ಡಬ್ಬಿಂಗ್ ಕಲಾವಿದೆಯದು. ಆಕೆಯ ಮುಖವನ್ನೂ ಇವಳು ನೋಡಿದವಳಲ್ಲ.

ಅಂಗಡಿಯೊಂದರ ಉದ್ಘಾಟನೆಯಲ್ಲಿ ಸ್ವಂತ ಧ್ವನಿಯಲ್ಲಿ ನಮಸ್ಕಾರ ಎಂದಿದ್ದಕ್ಕೆ ಮಕ್ಕಳು ಹೆದರಿ ಅತ್ತಿದ್ದವು. ಆಮೇಲೆ ಅವಳೇ ಆ ಕೀರಲು ಧ್ವನಿಯನ್ನು ಕಲಿತಳು. ಈಗ ಮನೆಯಲ್ಲಿ ಅಮ್ಮನ ಹತ್ತಿರ ನೀರು ಕೇಳುವುದೂ ಅದರಲ್ಲೇ. ಸೆಟ್ಟಿನಲ್ಲಿ ಮಾತ್ರ ಆ ತೊಂದರೆ ಇರಲಿಲ್ಲ. ಹೇಗೂ ಅಳಿಸುತ್ತಾರಲ್ಲ ಎಂದು ಬಾಯಿಗೆ ಬಂದ ಧ್ವನಿಯಲ್ಲಿ ಒದರಿ ಮುಗಿಸುತ್ತಿದ್ದಳು. ಆ ಧ್ವನಿ ಹೇಗಿದೆ ಎಂದು ಅವಳು ಕಿವಿಗೊಟ್ಟಿದ್ದೇ ಇಲ್ಲ.

ಈಗ ಹಾಡಿನ ಕಂಪನಿಯವರು ಅವಳನ್ನು 'ಹದಿನಾರರ ಹೊಸ ಪಾಪ್ ತಾರೆ' ಮಾಡಲು ಹೊರಟಿದ್ದರು. ನಾಲ್ಕು ವರ್ಷ ಪೋಸ್ಟರಿನಲ್ಲೇ ಮಾಯ! ಹಾಡು ಯಾವುದು ಗೊತ್ತೇ? 'ರಜಾ ಬಂತು ರಜಾ, ಅಲಾರಾಂ ಒಡೆದು ಹಾಕು!' ಹನ್ನೊಂದು ವರ್ಷದಿಂದ ಎರಡು ದಿನ ಒಟ್ಟಿಗೆ ರಜೆ ಕಾಣದವಳಿಗೆ ಈ ಹಾಡು ಕೊಟ್ಟ ಪುಣ್ಯಾತ್ಮ ಯಾರೋ.

ಎಂಟು ಸಲ ಹಾಡಿದಳು. ಎಂಟು ಸಲವೂ ಅವನು ತಲೆ ಅಲ್ಲಾಡಿಸಿದ. ಒಂಬತ್ತನೆಯದಕ್ಕೆ ಅವಳ ಹಣೆ ಮೈಕಿಗೆ ತಾಗಿ ಧಡ್ ಎಂದಿತು. ನಿಂತಲ್ಲೇ ತೂಕಡಿಸಿದ್ದಳು!

ಮೌನಿ ಎದ್ದು ಒಳಗೆ ಬಂದ.

"ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಈ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

"ಹತ್ತೂವರೆಗೆ ಶೂಟಿಂಗ್ ಇದೆ ಸರ್…"

"ಗೊತ್ತು. ಈ ಕಾರ್ಪೆಟ್ ಮೇಲೆ ಮಲ್ಕೊಳ್ಳಿ. ಮೈಕ್ ಕೆಟ್ಟಿದೆ ಅಂತ ನಿಮ್ಮಮ್ಮನಿಗೆ ನಾನು ಹೇಳ್ತೀನಿ."

ದೀಪ ಆರಿತು. ನಲವತ್ತು ನಿಮಿಷ, ಹೊರಗಿನ ಒಂದು ಹಾರ್ನೂ ಕೇಳದ ಆ ಕೋಣೆಯಲ್ಲಿ ಅವಳು ಸತ್ತಂತೆ ಮಲಗಿದಳು.

ಎಚ್ಚರವಾದಾಗ ಅವನು ಗಾಜಿನ ಆಚೆಯಿಂದ ಹೇಳಿದ, "ಏಳೋದು ಬೇಡ. ಗೋಡೆಗೆ ಒರಗಿಕೊಂಡೇ ಹಾಡನ್ನ ಸುಮ್ನೆ ಹೇಳ್ಕೊಳ್ಳಿ. ಮೈಕಿಗೆ ಧ್ವನಿ ಎಷ್ಟು ಬರುತ್ತೆ ಅಂತ ಲೆವೆಲ್ ನೋಡ್ಬೇಕು."

ಅರೆನಿದ್ದೆಯಲ್ಲಿ, ಯಾರಿಗೂ ಕೇಳಿಸಬೇಕೆಂದಿಲ್ಲದೆ, ಪೂರ್ತಿ ಹಾಡನ್ನು ಗುನುಗಿದಳು. ಮುಗಿಸಿ ಗಾಜಿನತ್ತ ತಿರುಗಿದಳು.

"ಲೆವೆಲ್ ಸರಿ ಇದ್ಯಾ?"

"ಚೆನ್ನಾಗಿದೆ," ಎಂದ. ಅಷ್ಟೇ.

ಅದಾದಮೇಲೂ ಅವಳು ಹಟ ಹಿಡಿದು ಪುಟ್ಟಿಯ ಧ್ವನಿಯಲ್ಲಿ ಹಾಡಿಯೇ ಹಾಡಿದಳು. ಅವನೂ ರೆಕಾರ್ಡ್ ಮಾಡಿಕೊಂಡ.

ಐದು ದಿನ ಹೀಗೇ. ಐದು ದಿನವೂ ಮೈಕ್ ಕೆಟ್ಟಿತು!

"ಇದೆಂಥಾ ದರಿದ್ರ ಸ್ಟುಡಿಯೋನಪ್ಪಾ," ಎಂದು ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಗೊಣಗುತ್ತಿದ್ದರು. ಒಳಗೆ ಕಾರ್ಪೆಟ್ಟಿನ ಮೇಲೊಂದು ದಿಂಬು ಬಂದಿತ್ತು, ಮೂರನೇ ದಿನ ಹೊದಿಕೆಯೂ ಬಂತು. ಅವನೇನೂ ಸಿಹಿ ಮಾತಾಡಲಿಲ್ಲ. ಆದರೂ ಶೂಟಿಂಗಿನ ನಡುವೆ ಅವಳಿಗೆ ನೆನಪಾಗುತ್ತಿದ್ದುದು ಆ ನಲವತ್ತು ನಿಮಿಷ, ಆಮೇಲೆ ದೀಪ ಹಚ್ಚುವ ಮುಂಚೆ ಅವನು ಮೆಲ್ಲಗೆ ಕೆಮ್ಮುತ್ತಿದ್ದುದು.

*ಇದೇನಾ ಪ್ರೀತಿ ಅಂದ್ರೆ? ಒಬ್ಬರು ಇದ್ದಾರೆ ಅಂತ ಧೈರ್ಯವಾಗಿ ನಿದ್ದೆ ಬರೋದು?*

ಅವಳಿಗೆ ನಗು ಬಂತು. ಹಾಡು ಕೇಳಿಸುತ್ತೇನೆ ಎಂದು ಮೌನಿ ಹೇಳಿದ್ದ ಆರನೇ ದಿನ ತಲೆ ಬಾಚಿಕೊಳ್ಳಲು ಹತ್ತು ನಿಮಿಷ ಹೆಚ್ಚೇ ತೆಗೆದುಕೊಂಡಳು.

ಕಂಪನಿ ಮ್ಯಾನೇಜರ್, ಅಮ್ಮ, ಅವಳು ಸೋಫಾದಲ್ಲಿ ಕೂತರು. ಮೌನಿ ಗುಂಡಿ ಒತ್ತಿದ.

ಸ್ಪೀಕರಿನಿಂದ ಬಂದದ್ದು… ತುಂಬು ಧ್ವನಿ, ಸ್ವಲ್ಪ ಒರಟು, ನಿದ್ದೆಯಿಂದ ಈಗಷ್ಟೇ ಎದ್ದಂಥದ್ದು. 'ರಜಾ ಬಂತು' ಎನ್ನುವಾಗ ಕುಣಿಯಬೇಕು ಎನಿಸಲಿಲ್ಲ, ಯಾರ ಹೆಗಲಿಗಾದರೂ ಒರಗಬೇಕು ಎನಿಸಿತು. ಎಷ್ಟು ಚೆಂದ! ಅವಳ ಎದೆ ಝಲ್ ಎಂದಿತು.

*ಆದ್ರೆ ಇದು ನಾನಲ್ಲ…*

"ಇದ್ಯಾರಪ್ಪಾ?" ಮ್ಯಾನೇಜರ್ ಹುಬ್ಬೇರಿಸಿದರು.

"ಇವ್ರೇ."

"ನಮಗೇ ಟೋಪಿ ಹಾಕ್ತೀಯಾ? ನಿಮ್ಮಕ್ಕನ ಕೈಲಿ ಹಾಡಿಸಿದೀಯ ಅಂತ ನೇರವಾಗಿ ಹೇಳು." ಅವರು ಅವಳತ್ತ ತಿರುಗಿದರು. "ಎಂಟು ವರ್ಷದಿಂದ ನಿಂಗೆ ಡಬ್ಬಿಂಗ್ ಮಾಡ್ತಿರೋದು ಇವನ ಅಕ್ಕಾನೇ ಕಣಮ್ಮ. ಗೊತ್ತಿರ್ಲಿಲ್ವಾ?"

ಅವಳ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ದಿಂಬು, ಹೊದಿಕೆ, ಕೆಟ್ಟ ಮೈಕು… ಎಲ್ಲ ಇದಕ್ಕೇನಾ? ನನ್ನನ್ನು ಮಲಗಿಸಿ, ಆ ಹೊತ್ತಿನಲ್ಲಿ ಅಕ್ಕನನ್ನು ಹಾಡಿಸುವುದಕ್ಕಾ?

"ಎಂಟು ವರ್ಷ ಮಾತು ಕಿತ್ಕೊಂಡಿದ್ದು ಸಾಲದಾ ನಿಮಗೆ? ಈಗ ಹಾಡೂ ಬೇಕಾ?"

"ಅದು ನಿಮ್ಮದೇ ಧ್ವನಿ," ಎಂದ ಮೌನಿ. ಅವನ ಮುಖ ಬಿಳಿಚಿತ್ತು. "ಮೊದಲ್ನೇ ದಿನ ಲೆವೆಲ್ ನೋಡಿದ್ವಲ್ಲ, ಅದು. ಲೆವೆಲ್ ನೋಡುವಾಗಲೂ ರೆಕಾರ್ಡ್ ಹಾಕಿರ್ತೀವಿ. ಕೇಳಿಸಿ, ನೀವು ಒಪ್ಪಿದ್ರೆ ಇಡೋಣ ಅಂತ…"

"ನನ್ನ ಧ್ವನಿ ನಂಗೆ ಗೊತ್ತಿಲ್ವಾ?!"

ಅವನು ಅವಳನ್ನೇ ನೋಡಿದ. "ಇಲ್ಲ ಅನ್ಸುತ್ತೆ," ಎಂದ ಮೆಲ್ಲಗೆ.

ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಿತ್ತು. ಅವಳು ಎದ್ದು ಹೊರಟಳು.

ಕಾರಿನಲ್ಲಿ ಅಮ್ಮ ಸಮಾಧಾನ ಮಾಡಿದರು. "ಯಾರ ಧ್ವನಿ ಆದ್ರೇನೇ? ಮುಖ ನಿಂದೇ ತಾನೇ?"

ಮ್ಯಾನೇಜರಿಗೂ ಅದೇ ಸರಿ ಕಂಡಿತು. ಹೇಗೂ ಜನಕ್ಕೆ ಬೇಕಿರುವುದು ಟೀವಿ ಪುಟ್ಟಿ. ಅಕ್ಕನನ್ನೇ ಕರೆಸಿ ಪುಟ್ಟಿಯ ಧ್ವನಿಯಲ್ಲಿ ಹಾಡಿಸಿಬಿಟ್ಟರು. ಬಿಡುಗಡೆಯ ದಿನ ವೇದಿಕೆಯಲ್ಲಿ ಆ ಹಾಡು ಬರುತ್ತದೆ, ಅವಳು ತುಟಿ ಆಡಿಸಬೇಕು. ಅವಳು ಹೂಂ ಎಂದಳು. ಜಗಳವಾಡಲು ಮನಸ್ಸೂ ಇರಲಿಲ್ಲ, ಮೈಯಲ್ಲಿ ಕಸುವೂ ಇರಲಿಲ್ಲ. ಅವನೇ ಮೋಸ ಮಾಡಿದಮೇಲೆ ಯಾವ ಧ್ವನಿಯಾದರೇನು?

ಭಾನುವಾರ ಮಧ್ಯಾಹ್ನ. ಸಭಾಂಗಣದ ತುಂಬ ಮಕ್ಕಳು, ಅವರನ್ನು ಕರೆತಂದ ತಾಯಂದಿರು. ಮೇಕಪ್ ಕೋಣೆಯಲ್ಲಿ ಅವಳಿಗೆ ಎರಡು ಜಡೆ ಹಾಕಿ, ಬಣ್ಣದ ಕ್ಲಿಪ್ಪು ಚುಚ್ಚಿ, ಹದಿನಾರು ವರ್ಷ ಮಾಡಿ ಕೂರಿಸಿದ್ದರು. ಬಾಗಿಲು ಸ್ವಲ್ಪ ತೆರೆಯಿತು. ನಲವತ್ತರ ಆಸುಪಾಸಿನ ದಪ್ಪನೆಯ ಹೆಂಗಸು ಇಣುಕಿದಳು.

"ಒಳಗೆ ಬರಬಹುದಾಮ್ಮ?"

ಅವಳು ಬೆಚ್ಚಿಬಿದ್ದಳು. ಪುಟ್ಟಿ! ಥೇಟ್ ಟೀವಿಯ ಪುಟ್ಟಿ ಮಾತಾಡಿದಂತೆಯೇ!

"ಎಂಟು ವರ್ಷ ನಿನ್ನ ಬಾಯಲ್ಲಿ ಮಾತಾಡಿದೀನಿ, ಒಂದ್ಸಲ ಮುಖ ನೋಡೋಣ ಅಂತ ಬಂದೆ. ನಾನು ಮೌನಿ ಅಕ್ಕ."

"ನೀವು… ನಿಮ್ಮ ಮಾಮೂಲಿ ಧ್ವನೀನೂ ಇದೇನಾ?"

"ನಂಗಿರೋದು ಇದೊಂದೇ ಕಣೇ! ಎರಡು ಮಕ್ಕಳ ತಾಯಿ ನಾನು. ಈಗ್ಲೂ ಫೋನ್ ಎತ್ತಿದ್ರೆ, 'ಪುಟ್ಟಾ, ಅಮ್ಮನ್ನ ಕರಿ' ಅಂತಾರೆ." ಅಕ್ಕ ನಕ್ಕಳು, ಆಮೇಲೆ ಗಂಭೀರಳಾದಳು. "ನನ್ನ ತಮ್ಮ ಊಟ ಸರಿಯಾಗಿ ಮಾಡ್ತಿಲ್ಲ. ಏನಾಯ್ತು ಅಂದ್ರೆ ಬಾಯಿ ಬಿಡಲ್ಲ. ನೀನಾದ್ರೂ ಹೇಳು."

ಅವಳು ಅಕ್ಕನತ್ತ ಪೂರ್ತಿ ತಿರುಗಿದಳು. "ಹಾಗಾದ್ರೆ ಆ ಮೊದಲ್ನೇ ಹಾಡು… ಆ ದಪ್ಪ ಧ್ವನಿ…"

"ಅಯ್ಯೋ, ನಂಗೆ ಹಾಡು ಕಲಿಸೋಕೆ ಹಾಕಿದ್ರಲ್ಲ, ಅದು ನಿಂದಲ್ವೇನೇ! ದಿನಾ ಕಿವೀಲಿ ಕೇಳ್ತೀನಲ್ಲ? ಸೆಟ್ಟಲ್ಲಿ ನೀನು ಮಾತಾಡಿದ್ದನ್ನ ಕಿವಿಗೆ ಹಾಕ್ಕೊಂಡೇ ನಾವು ಡಬ್ ಮಾಡೋದು. ಪೈಲಟ್ ಅಂತೀವಿ. ನಾನು ಮಾತಾಡಿದ್ಮೇಲೆ ಅದನ್ನ ಅಳಿಸ್ತಾರೆ. ಅಳಿಸೋ ಕೆಲಸ ನನ್ನ ತಮ್ಮಂದೇ."

ಅವಳು ಕೂತಲ್ಲೇ ಮುಖ ಮುಚ್ಚಿಕೊಂಡಳು. ಊರಿಗೆಲ್ಲ ಗೊತ್ತಿರುವ ಪುಟ್ಟಿಗೆ ತನ್ನ ಧ್ವನಿಯೇ ಗುರುತು ಸಿಕ್ಕಿರಲಿಲ್ಲ. ಅದನ್ನು ಕೇಳಿ ಚೆಂದ ಎಂದುಕೊಂಡವಳೂ ಅವಳೇ, ಅದಕ್ಕಾಗಿ ಅವನನ್ನು ಕಳ್ಳ ಎಂದವಳೂ ಅವಳೇ!

ಸಭಾಂಗಣದ ಹಿಂದುಗಡೆ ಮೌನಿ ಕನ್ಸೋಲಿನ ಮುಂದೆ ಕೂತಿದ್ದ. ಕಾರ್ಯಕ್ರಮದ ಸೌಂಡಿನ ಹೊಣೆ ಅವರ ಸ್ಟುಡಿಯೋದ್ದೇ. ಕ್ಲಿಪ್ಪು, ಜಡೆ ಸಮೇತ ಅವಳು ಓಡಿ ಬಂದು ಮುಂದೆ ನಿಂತಳು.

"ನಾನು ಅವತ್ತು ಅಂದಿದ್ದು…"

"ಅಳಿಸಿಬಿಟ್ಟೆ," ಎಂದ ಅವನು ತಲೆ ಎತ್ತದೆ.

"ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ರೀ…"

ಈಗ ತಲೆ ಎತ್ತಿದ. ಅವನ ಕಣ್ಣ ಕೆಳಗೂ ಅವಳಷ್ಟೇ ಕಪ್ಪು.

"ಬರೀ ಮ್ಯೂಸಿಕ್ ಹಾಕ್ತೀರಾ? ನನ್ನ ಮೈಕ್ ಆನ್ ಮಾಡ್ತೀರಾ?"

"ಕೆಲಸ ಹೋಗುತ್ತೆ."

"ಯಾರದ್ದು?"

"ಇಬ್ಬರದ್ದೂ."

ಅವಳು ಒಂದು ಗಳಿಗೆ ಯೋಚಿಸಿದಳು. ಹನ್ನೊಂದು ವರ್ಷದ ಪುಟ್ಟಿ, ಅಮ್ಮನ ಆಸೆ, ನಾಳೆಯ ಶೂಟಿಂಗ್… "ಹೋಗ್ಲಿ ಬಿಡಿ," ಎಂದಳು. ಅದನ್ನು ಹೇಳಿದ್ದು ತನ್ನದೇ ಧ್ವನಿಯಲ್ಲಿ ಎಂದು ಹೇಳಿದಮೇಲೆ ಗೊತ್ತಾಯಿತು.

ವೇದಿಕೆಯ ದೀಪ ಕಣ್ಣಿಗೆ ರಾಚಿತು. ಮಕ್ಕಳು ಕಿರುಚಿದವು, "ಪುಟ್ಟೀ! ಪುಟ್ಟೀ!"

ಅವಳು ಮೈಕ್ ಎತ್ತಿದಳು. "ನಮಸ್ಕಾರ. ನಂಗೆ ಹದಿನಾರಲ್ಲ, ಇಪ್ಪತ್ತು. ನನ್ನ ಧ್ವನಿ ಹೀಗೇ ಇರೋದು. ಹಾಡ್ತೀನಿ."

ಸಭಾಂಗಣ ಗಪ್‌ಚಿಪ್. ಮುಂದಿನ ಸಾಲಿನ ಒಂದು ಮಗು ಗಟ್ಟಿಯಾಗಿ ಕೇಳಿತು, "ಅಮ್ಮಾ, ಪುಟ್ಟಿಗೆ ಏನಾಯ್ತು?" ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಹಾಡಿದಳು.

ಮಕ್ಕಳು ಕುಣಿಯಲಿಲ್ಲ. ಕೆಲವು ಬೇಜಾರಾಗಿ ಹೊರಗೆ ಓಡಿದವು. ಆದರೆ 'ರಜಾ ಬಂತು' ಎಂದು ಅವಳು ಮೆಲ್ಲಗೆ ಎಳೆದಾಗ, ವಾರವಿಡೀ ದುಡಿದು ಭಾನುವಾರವೂ ಮಕ್ಕಳನ್ನು ಹೊತ್ತು ತಂದ ತಾಯಂದಿರು ಕೂತಲ್ಲೇ ಕಣ್ಣು ಮುಚ್ಚಿದರು. ಮ್ಯಾನೇಜರ್ ಕನ್ಸೋಲಿನತ್ತ ನುಗ್ಗಿದರು. ಮೌನಿ ಎದ್ದು ಅಡ್ಡ ನಿಂತ. ಹಾಡು ಮುಗಿಯುವವರೆಗೂ ಜಾಗ ಬಿಟ್ಟು ಕದಲಲಿಲ್ಲ.

"ನಾಳೆಯಿಂದ ನೀನೂ ಬೇಡ, ನಿನ್ನ ಹಾಡೂ ಬೇಡ! ಧಾರಾವಾಹಿಯವರಿಗೂ ಹೇಳಿಯಾಯ್ತು, ಶೂಟಿಂಗಿಗೂ ಬರೋದು ಬೇಡ!" ಪರದೆಯ ಹಿಂದೆ ಮ್ಯಾನೇಜರ್ ಕೂಗಾಡಿ ಹೋದರು.

ಅಮ್ಮ ಮಾತ್ರ ಅವಳನ್ನೇ ಪಿಳಿಪಿಳಿ ನೋಡುತ್ತಿದ್ದರು. "ಗಂಟಲು ಕಟ್ಟಿದ್ಯೇನೇ ನಿಂಗೆ?"

"ಇಲ್ಲಮ್ಮ. ಈಗ ಬಿಟ್ಟಿದೆ."

ಅಮ್ಮ ಹತ್ತಿರ ಬಂದರು. ಅವಳ ಜಡೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದರು. "ಇಷ್ಟು ದೊಡ್ಡವಳಾಗಿದ್ದು ಯಾವಾಗ್ಲೇ…" ಎಂದು ಕಣ್ಣೊರೆಸಿಕೊಂಡು, ಕಾರಿನ ಕಡೆ ಒಬ್ಬರೇ ನಡೆದರು. "ನಿಧಾನಕ್ಕೆ ಬಾ."

ಸಭಾಂಗಣ ಖಾಲಿಯಾಯಿತು. ಮೌನಿ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ. ಅವಳೂ ಪಕ್ಕದಲ್ಲಿ ಕೂತು ಇನ್ನೊಂದು ತುದಿ ಹಿಡಿದಳು.

"ಎಷ್ಟು ವರ್ಷದಿಂದ ಅಳಿಸ್ತಿದೀರ ನನ್ನ?"

"ಮೂರು. ಅಕ್ಕನಿಗೆ ಕೇಳಿಸ್ಬೇಕು, ಆಮೇಲೆ ಅಳಿಸ್ಬೇಕು. ದಿನಾ. ಅಳಿಸೋ ಮುಂಚೆ ಇನ್ನೊಂದ್ಸಲ ಕೇಳ್ತಿದ್ದೆ." ಅವನು ವೈರನ್ನೇ ನೋಡುತ್ತಿದ್ದ. "ನಂಗೆ ನೀವು ತುಂಬಾ ಇಷ್ಟ. ಎದುರಿಗೆ ನೋಡೋ ಮುಂಚೆನೇ ಇಷ್ಟ."

ಅವಳ ಎದೆ ಹೊಡೆದುಕೊಂಡಿತು. ಆದರೂ ಕೇಳಿಯೇಬಿಟ್ಟಳು, "ಇಷ್ಟ ಆಗಿದ್ದು ನಾನಾ, ಪುಟ್ಟಿನಾ?"

"ಪುಟ್ಟಿ ನಮ್ಮಕ್ಕ ಕಣ್ರೀ!"

ಇಬ್ಬರೂ ಎಷ್ಟು ನಕ್ಕರೆಂದರೆ ಸುತ್ತಿದ ವೈರೆಲ್ಲ ಬಿಚ್ಚಿಹೋಯಿತು.

"ಒಂದನ್ನೂ ಉಳಿಸ್ಕೊಂಡಿಲ್ವಾ?"

"ಇಲ್ಲ. ಒಂದು ಮಾತ್ರ ಕಿವೀಲಿ ಉಳ್ಕೊಂಡಿದೆ. ಕ್ಯಾಮೆರಾ ನಿಂತಿತ್ತು, ಸೌಂಡ್ ನಿಲ್ಸೋದು ಮರೆತಿದ್ರು. 'ಸಾಕಾಯ್ತು, ಯಾರಾದ್ರೂ ಮನೆಗೆ ಬಿಡ್ರಪ್ಪಾ' ಅಂದಿದ್ರಿ. ಯಾರೂ ಮಾತಾಡ್ಲಿಲ್ಲ. ನಾನಾದ್ರೂ ಏನಾದ್ರೂ ಹೇಳೋಣ ಅಂದ್ರೆ… ಅದು ಮೂರು ದಿನ ಹಳೇ ಟೇಪು."

ಅವಳಿಗೆ ಆ ದಿನ ನೆನಪಿರಲಿಲ್ಲ. ಅಂಥ ದಿನಗಳು ಎಷ್ಟೋ. ಆದರೆ ಅದರಲ್ಲಿ ಒಂದನ್ನು ಯಾರೋ ಕೇಳಿಸಿಕೊಂಡಿದ್ದರು. ಅವಳ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಈಗ ಹೇಳಿ. ಈಗ ಇಲ್ಲೇ ಇದೀನಲ್ಲ."

ಮೌನಿ ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು, ಆ ಕೈಯನ್ನು ಮುಂದೆ ಚಾಚಿದ.

"ಬಾ," ಎಂದ. "ಮನೆಗೆ ಬಿಡ್ತೀನಿ."

ಅವಳು ಅವನ ಕೈ ಹಿಡಿದಳು, ಏಳಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಇರೋಣ ಕಣೋ… ನಾಳೆ ನಾನು ಎಲ್ಲಿಗೂ ಹೋಗ್ಬೇಕಿಲ್ಲ."